ಒಂಬತ್ತು ತಿಂಗಳ ಜೆಟ್ ಲ್ಯಾಗ್ ಅಂತ ಒಂದಿಲ್ಲ

ನವೆಂಬರ್ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮರುವಾರದಿಂದಲೇ ನನಗೆ ಪತ್ರಗಳು ಶುರು. ನಿದ್ದೆಯ ಕಾಯಿಲೆ ನೋಡುವ ಡಾಕ್ಟರ್ ನಾನು. ಬರೆಯುವವರೆಲ್ಲ ಊರು ಬಿಟ್ಟು ಹೋದವರು, ಇಲ್ಲವೇ ಅವರ ಅಪ್ಪ ಅಮ್ಮ. ಕೇಳಿದ್ದನ್ನೇ ಕೇಳುತ್ತಾರೆ. ಹೋದ ವರ್ಷ ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಈ ಸಲ ಎಲ್ಲ ಇಲ್ಲೇ ಹೇಳಿ ಮುಗಿಸುತ್ತೇನೆ. ಜೆಟ್ ಲ್ಯಾಗ್ ಅಂದರೆ ದೂರದ ದೇಶಕ್ಕೆ ಹಾರಿದ ಮೇಲೂ ದೇಹ ಹಿಂದಿನ ಊರಿನ ಟೈಮಿನಲ್ಲೇ ಉಳಿಯುವುದು, ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಒಮ್ಮೆ ಹೋಗಿ ಬಂದವರಿಗೆಲ್ಲ ಅದು ಗೊತ್ತು.

ಪ್ರಶ್ನೆ: ವಯಸ್ಸು 34. ಮಾರ್ಚ್ ಮೊದಲ ವಾರ ಶಿವಮೊಗ್ಗದಿಂದ ಸಿಯಾಟಲ್‌ಗೆ ಬಂದೆ. ಒಂಬತ್ತು ತಿಂಗಳಾಯಿತು, ಜೆಟ್ ಲ್ಯಾಗ್ ಇನ್ನೂ ಹೋಗಿಲ್ಲ. ರಾತ್ರಿ ಎರಡೂವರೆವರೆಗೆ ನಿದ್ದೆ ಹತ್ತಿರ ಸುಳಿಯಲ್ಲ. ರಜೆ ದಿನ ಹತ್ತಕ್ಕೆ ಎಚ್ಚರ. ಆಫೀಸ್ ಇದ್ದ ದಿನ ಏಳುವುದೇ ನರಕ. ದಿನಾ ರಾತ್ರಿ ಹತ್ತರಿಂದ ಒಂದರವರೆಗೆ ಮನೆಯವರ ಜೊತೆ ಮಾತಾಡ್ತೀನಿ, ಆಗ ಊರಲ್ಲಿ ಹಗಲು. ಕಳೆದ ವರ್ಷ ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ಹಾಗಾಗಿ ಫೋನು ದಿಂಬಿನ ಕೆಳಗೇ ಇರುತ್ತೆ. ನಿದ್ದೆಗೆ ಅಂತ ಮೆಲಟೋನಿನ್ ಮಾತ್ರೆ 10 ಮಿಲಿಗ್ರಾಂ ತಗೊಂಡರೂ ಪ್ರಯೋಜನ ಇಲ್ಲ. ಜೆಟ್ ಲ್ಯಾಗ್ ಹೋಗೋಕೆ ಇನ್ನೆಷ್ಟು ದಿನ ಬೇಕು?

ಉತ್ತರ: ಅದು ಮಾರ್ಚಿನಲ್ಲೇ ಹೋಗಿದೆ. ದೇಹ ಸುಮಾರಾಗಿ ದಿನಕ್ಕೆ ಒಂದು ಗಂಟೆಯಷ್ಟು ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತದೆ. ಊರಿಗೂ ಸಿಯಾಟಲ್‌ಗೂ ಹೆಚ್ಚೆಂದರೆ ಹದಿಮೂರೂವರೆ ಗಂಟೆ ವ್ಯತ್ಯಾಸ. ಎರಡು ವಾರದ ಲೆಕ್ಕ ಅದು. ಒಂಬತ್ತು ತಿಂಗಳ ಜೆಟ್ ಲ್ಯಾಗ್ ಅಂತ ಒಂದು ಕಾಯಿಲೆ ಇಲ್ಲ. ನಿಮ್ಮ ದೇಹ ಶಿವಮೊಗ್ಗದ ಟೈಮಿನಲ್ಲೂ ಇಲ್ಲ, ಸಿಯಾಟಲ್ ಟೈಮಿನಲ್ಲೂ ಇಲ್ಲ. ನಡುವೆ ಎಲ್ಲೋ ತ್ರಿಶಂಕುವಿನ ಹಾಗೆ ನೇತಾಡುತ್ತಿದೆ. ನೇತುಹಾಕಿದವರು ನೀವೇ.

ಹೇಗೆ ಅಂತ ಕೇಳಿ. ಮೆದುಳಿನಲ್ಲಿ ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗಕ್ಕೆ ಸರಿಯಾಗಿ ಮೇಲೆ ಒಂದು ಗಡಿಯಾರ ಇದೆ. ಅಕ್ಕಿ ಕಾಳಿಗಿಂತ ಚಿಕ್ಕದು, ಅದರಲ್ಲಿ ಸುಮಾರು 20,000 ನರಕೋಶಗಳು. ಈ ಗಡಿಯಾರ ಸ್ವಲ್ಪ ನಿಧಾನ. ಹೆಚ್ಚಿನವರಲ್ಲಿ ಅದರ ಒಂದು ದಿನ ಅಂದರೆ 24 ಗಂಟೆಯ ಮೇಲೆ ಹತ್ತು ನಿಮಿಷ. ಸರಿಮಾಡುವವರು ಇಲ್ಲದಿದ್ದರೆ ಆರು ದಿನಕ್ಕೆ ಒಂದು ಗಂಟೆ ಹಿಂದೆ ಬೀಳುತ್ತದೆ. ಸರಿಮಾಡುವುದು ಬೆಳಗಿನ ಬೆಳಕು. ಶಿವಮೊಗ್ಗದಲ್ಲಿ ನಿಮಗೆ ಈ ಕೆಲಸ ಗೊತ್ತೇ ಆಗಿರಲಿಲ್ಲ. ಡಿಸೆಂಬರಿನಲ್ಲೂ ಅಲ್ಲಿ ಹನ್ನೊಂದು ಗಂಟೆಗೂ ಜಾಸ್ತಿ ಹಗಲು. ಹಾಲು ತರಲು ಹೋದರೆ ಬಿಸಿಲು, ಬಸ್ಸಿಗೆ ನಿಂತರೆ ಬಿಸಿಲು. ಸಿಯಾಟಲ್‌ನ ಡಿಸೆಂಬರಿನಲ್ಲಿ ಹೊತ್ತು ಹುಟ್ಟುವುದು ಎಂಟರ ಹತ್ತಿರ, ಮುಳುಗುವುದು ನಾಲ್ಕೂ ಇಪ್ಪತ್ತಕ್ಕೆ. ನೀವೋ ಗ್ಯಾರೇಜಿನಿಂದ ಗ್ಯಾರೇಜಿಗೆ ಕಾರಲ್ಲಿ ಹೋಗುವವರು. ನಿಮ್ಮ ಗಡಿಯಾರಕ್ಕೆ ಬೆಳಗಾಗಿದ್ದು ಯಾರು ಹೇಳಬೇಕು? ರಾತ್ರಿ ಹತ್ತರಿಂದ ಒಂದರವರೆಗೆ ಮಾತ್ರ ಫೋನಿನ ಬೆಳಕು ಮುಖಕ್ಕೆ. ಅದರ ಹಿಂದೆ ಅಮ್ಮನ ಅಡುಗೆಮನೆ ಕಿಟಕಿಯ ಹಗಲು. ಹನ್ನೆರಡಕ್ಕೆ ಮನೆ ಗ್ರೂಪಿನಲ್ಲಿ ಅತ್ತೆಯೋ ಚಿಕ್ಕಮ್ಮನೋ ‘ಊಟ ಆಯ್ತಾ?’ ಅಂತ ಕೇಳುತ್ತಾರೆ. ಅವರಿಗೆ ಮಧ್ಯಾಹ್ನ ಒಂದೂವರೆ, ಕೇಳುವುದು ನ್ಯಾಯ. ಉತ್ತರ ಕೊಡಲು ನೀವು ಎದ್ದಿರುವುದು ನ್ಯಾಯವಲ್ಲ.

ಈಗ ಮದ್ದು. ಮೊದಲು ಬೇಡದ್ದು ಹೇಳುತ್ತೇನೆ. ‘ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ದೀಪ ನೋಡಿ, ಎಂಥ ನಿದ್ರಾದೋಷವೂ ಏಳು ದಿನದಲ್ಲಿ ಮಾಯ’ ಅಂತ ವಿಡಿಯೊ ಮಾಡುವ ಮಹಾನುಭಾವರು ಇದ್ದಾರೆ. ಬೇಗ ಮಲಗಿ ಬೇಗ ಏಳುವವರು ಏನು ಬೇಕಾದರೂ ನೋಡಲಿ. ನಿಮಗೆ ಮಾತ್ರ ಅದು ವಿಷ. ಯಾಕೆಂದರೆ ಮೈ ಬಿಸಿ ಅತಿ ಕಡಿಮೆಯಾಗುವ ಹೊತ್ತು ಒಂದಿದೆ. ತಾನಾಗಿ ಎಚ್ಚರವಾಗುವುದಕ್ಕೆ ಎರಡು ಮೂರು ಗಂಟೆ ಮೊದಲು. ನಿಮಗೆ ಅದು ಬೆಳಿಗ್ಗೆ ಏಳು, ಏಳೂವರೆ. ಅದರ ನಂತರ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ಅಂದರೆ ರಾತ್ರಿ ನಿದ್ದೆ ಬೇಗ ಬರುತ್ತದೆ. ಅದಕ್ಕೂ ಮೊದಲೇ ಬಿದ್ದ ಬೆಳಕು ಇನ್ನೂ ಹಿಂದಕ್ಕೆ ಎಳೆಯುತ್ತದೆ. ನೀವು ನಾಲ್ಕೂವರೆಗೆ ಎದ್ದು ದೊಡ್ಡ ಲೈಟ್ ಹಾಕಿಕೊಂಡು ಕೂತರೆ, ಮಾರನೇ ರಾತ್ರಿ ಮೂರಕ್ಕೂ ನಿದ್ದೆ ಬರುವುದಿಲ್ಲ. ಆಮೇಲೆ ‘ಎಲ್ಲ ಮಾಡಿದೆ ಡಾಕ್ಟ್ರೇ’ ಅಂತ ನನಗೆ ಬರೆಯುತ್ತೀರಿ.

ಆದ್ದರಿಂದ ಹಾರಬೇಡಿ, ಸರಿಯಿರಿ. ವರ್ಷದ ಕೊನೆಗೆ ಹೇಗೂ ರಜೆ ಸಿಗುತ್ತದೆ, ಆಗ ಶುರು ಮಾಡಿ. ಮೊದಲ ದಿನ ಹತ್ತಕ್ಕೇ ಏಳಿ. ಎದ್ದ ತಕ್ಷಣ ಮನೆಯಿಂದ ಹೊರಗೆ. ಅರ್ಧ ಗಂಟೆ ನಡೆಯಿರಿ. ಮೋಡ ಇದೆ, ಮಳೆ ಹನಿಯುತ್ತಿದೆ ಅನ್ನಬೇಡಿ, ಮಲೆನಾಡಿನವರು ನೀವು. ಮೋಡದ ದಿನವೂ ಹೊರಗೆ ಸಾವಿರಾರು ಲಕ್ಸ್ ಬೆಳಕು ಇರುತ್ತದೆ, ಮನೆಯ ಟ್ಯೂಬ್‌ಲೈಟ್ ಕೆಳಗೆ ಸಿಗುವುದು ಕೆಲವು ನೂರು. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ ಏಳಿ. ಎರಡು ವಾರದ ಒಳಗೆ ಏಳೂವರೆಗೆ ಬರುತ್ತೀರಿ. ಶನಿವಾರ ಭಾನುವಾರವೂ ಅದೇ ಟೈಮು. ವಾರಾಂತ್ಯ ಮಲಗಿ ‘ಸಾಲ ತೀರಿಸುವ’ ಆಟ ಬೇಡ. ಹೊರಗೆ ಬೆಳಕಾಗದ ದಿನಗಳಿಗೆ 10,000 ಲಕ್ಸ್‌ನ ಲೈಟ್ ಬಾಕ್ಸ್ ಸಿಗುತ್ತದೆ, ಎದುರಿಗೆ ಅರ್ಧ ಗಂಟೆ ಇಟ್ಟುಕೊಂಡು ತಿಂಡಿ ತಿನ್ನಿ. ಕಣ್ಣಿನ ಹಿಂಭಾಗದ ಪದರದ (ರೆಟಿನಾ) ಕಾಯಿಲೆ ಇದ್ದವರು, ಬೈಪೋಲಾರ್ ಅನ್ನುವ, ಮನಸ್ಸು ಅತಿ ಏರಿ ಅತಿ ಇಳಿಯುವ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ಇದನ್ನು ಎರಡು ಸಲ ಓದಿ.

ಮೆಲಟೋನಿನ್ ನಿದ್ದೆ ಮಾತ್ರೆ ಅಲ್ಲ. ‘ಕತ್ತಲಾಯಿತು’ ಅಂತ ದೇಹಕ್ಕೆ ಹೇಳುವ ಡಂಗುರ, ಅಷ್ಟೆ. ಮಲಗುವಾಗ 10 ಮಿಲಿಗ್ರಾಂ ನುಂಗುವುದು ಮದುವೆ ಮುಗಿದ ಮೇಲೆ ಓಲಗ ಊದಿದಂತೆ. ಗಡಿಯಾರ ಸರಿಸಲು ಅರ್ಧ ಮಿಲಿಗ್ರಾಂ ಸಾಕು, ಅದೂ ಮಲಗಬೇಕಾದ ಹೊತ್ತಿಗೆ ನಾಲ್ಕೈದು ಗಂಟೆ ಮೊದಲು. ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಅಲ್ಲಿನ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಅಮೆರಿಕದಲ್ಲಿ ಇದನ್ನು ಔಷಧಿ ಅಂತಲ್ಲ, ಪೂರಕ ಆಹಾರ ಅಂತ ಮಾರುತ್ತಾರೆ. 2023ರಲ್ಲಿ ಅಲ್ಲಿ ಮಿಠಾಯಿಯ ಹಾಗೆ ಜಗಿಯುವ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷೆ ಮಾಡಿದರು. 22ರಲ್ಲಿ ಲೇಬಲ್ಲಿಗೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ. ಬ್ರಿಟನ್ನಿನಲ್ಲಿ ಚೀಟಿ ಇಲ್ಲದೆ ಕೊಡುವುದಿಲ್ಲ. ಇಲ್ಲಿಂದ ಅಲ್ಲಿನ ನೆಂಟರಿಗೆ ಡಬ್ಬಿ ಪಾರ್ಸೆಲ್ ಮಾಡುವವರೂ ಗಮನಿಸಿ.

ಇನ್ನು ಫೋನು. ನಿಮ್ಮ ಸಮಸ್ಯೆ ನಿಜವಾಗಿ ಇರುವುದು ಇಲ್ಲಿ, ಅದು ನಿಮಗೂ ಗೊತ್ತು. ಅದಕ್ಕೇ ಅಲ್ವಾ ಅಪ್ಪನ ಸ್ಟೆಂಟಿನ ವಿಷಯವನ್ನು ಸುಮ್ನೆ ನಡುವೆ ತೂರಿಸಿದ್ದು? ಕೂಗಳತೆಯಲ್ಲಿ ಇಲ್ಲವಲ್ಲ ಅನ್ನುವ ಸಂಕಟಕ್ಕೆ ನೀವು ನಿದ್ದೆಯನ್ನು ದಂಡ ಕಟ್ಟುತ್ತಿದ್ದೀರಿ. ಒರಟಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ರಾತ್ರಿ ಮೂರಕ್ಕೆ ಫೋನು ಬಂದರೆ ನೀವು ಮಾಡುವುದೇನು? ಅಲ್ಲಿಂದ ಶಿವಮೊಗ್ಗಕ್ಕೆ ಬರಲು ಏನಿಲ್ಲವೆಂದರೂ ಇಡೀ ಒಂದು ದಿನ. ಮೊದಲ ಅರ್ಧ ಗಂಟೆಯಲ್ಲಿ ಅಪ್ಪನ ಹತ್ತಿರ ಇರುವುದು ಅಮ್ಮ, ಪಕ್ಕದ ಮನೆಯವರು, ಮತ್ತೆ 108. ಆ ಅರ್ಧ ಗಂಟೆಯ ವ್ಯವಸ್ಥೆ ಮಾಡಿ. ಫ್ರಿಜ್ ಮೇಲೆ ದೊಡ್ಡ ಅಕ್ಷರದಲ್ಲಿ 108, ಪಕ್ಕದ ಮನೆ, ಆಟೋದವರು, ಹೃದಯದ ಡಾಕ್ಟರಿರುವ ಹತ್ತಿರದ ಆಸ್ಪತ್ರೆ. ಅಪ್ಪನ ಫೈಲು, ಮಾತ್ರೆ ಚೀಟಿ ಒಂದೇ ಚೀಲದಲ್ಲಿ, ಆ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ. ಪಕ್ಕದ ಮನೆಯವರಿಗೆ ಆ ಮೊಳೆ ಎಲ್ಲಿದೆ ಅಂತ ಗೊತ್ತಿರಲಿ. ನಿಮ್ಮ ಫೋನಿನಲ್ಲಿ ರಾತ್ರಿ ಎರಡೇ ನಂಬರಿಗೆ ಸದ್ದಾಗುವ ಹಾಗೆ ಮಾಡಿ, ಫೋನನ್ನು ಕೋಣೆಯ ಆಚೆ ಮೂಲೆಯಲ್ಲಿಡಿ. ಬೇಕಾದವರ ಕರೆ ಬಂದೇ ಬರುತ್ತದೆ. ‘ಊಟ ಆಯ್ತಾ’ ಬೆಳಿಗ್ಗೆವರೆಗೆ ಕಾಯುತ್ತದೆ.

ಮಾತು ಬಿಡಿ ಅಂತ ನಾನು ಹೇಳುತ್ತಿಲ್ಲ, ಹೊತ್ತು ಬದಲಿಸಿ. ಈ ಎರಡು ವಾರ ಸಂಜೆ ಏಳಕ್ಕೆ ಫೋನ್ ಮಾಡಿ. ಊರಲ್ಲಿ ಬೆಳಿಗ್ಗೆ ಎಂಟೂವರೆ, ಅಪ್ಪ ಪೇಪರ್ ಮುಗಿಸಿರುತ್ತಾರೆ. ಆಮೇಲೆ ಏಳುವ ಟೈಮು ಸರಿಹೋದಾಗ, ಬೆಳಿಗ್ಗೆ ಎಂಟರ ನಡಿಗೆಗೆ ಇಯರ್‌ಫೋನ್ ಹಾಕಿಕೊಂಡು ಹೋಗಿ. ಅಲ್ಲಿ ಆಗ ರಾತ್ರಿ ಒಂಬತ್ತೂವರೆ. ಅಪ್ಪನ ಊಟ, ಮಾತ್ರೆ ಆಗಿರುತ್ತದೆ, ಮಲಗಲು ಇನ್ನೂ ಹೊತ್ತಿರುತ್ತದೆ. ಮಾತೂ ಆಯಿತು, ಬೆಳಕೂ ಆಯಿತು. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತದೆ, ಆಗ ನಿಮ್ಮ ಎಂಟು ಅವರಿಗೆ ಎಂಟೂವರೆ. ಮೊದಲೇ ಹೇಳಿಡಿ.

ಆರು ವಾರವಾದರೂ ಒಂದರ ಒಳಗೆ ನಿದ್ದೆ ಬರದಿದ್ದರೆ, ಗೊರಕೆ ಜೋರಿದ್ದರೆ, ಅಥವಾ ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ ಅಲ್ಲೇ ನಿದ್ದೆಯ ಡಾಕ್ಟರನ್ನು ನೋಡಿ. ನನಗೆ ಮತ್ತೆ ಬರೆಯಬೇಡಿ.

ಪ್ರಶ್ನೆ: ನನಗೆ 67, ಹಾಸನದಲ್ಲಿ ಒಬ್ಬಳೇ. ಮಗಳು ಲಂಡನ್ನಿನಲ್ಲಿ. ಕೆಲಸ ಮುಗಿಸಿ ಆರಕ್ಕೆ ಫೋನ್ ಮಾಡ್ತಾಳೆ, ಇಲ್ಲಿ ಹನ್ನೊಂದೂವರೆ. ಮಧ್ಯಾಹ್ನ ಮಲಗಿ ಸರಿದೂಗಿಸಬಹುದಾ?

ಉತ್ತರ: ಇಲ್ಲ ತಾಯಿ. 2003ರಲ್ಲಿ ನಾನು ಇಂಗ್ಲೆಂಡಿನಲ್ಲಿ ತರಬೇತಿಯಲ್ಲಿದ್ದೆ. ಡ್ಯೂಟಿ ಮುಗಿಸಿ ಏಳಕ್ಕೆ ಫೋನ್ ಕಾರ್ಡ್ ಉಜ್ಜಿ ನಂಬರ್ ಒತ್ತಿದರೆ ಚಿಂತಾಮಣಿಯಲ್ಲಿ ಅಮ್ಮ ಮೊದಲ ರಿಂಗಿಗೇ ಎತ್ತುತ್ತಿದ್ದಳು. ಫೋನ್ ಪಕ್ಕದಲ್ಲೇ ಮಲಗುತ್ತಾಳೆ ಅಂದುಕೊಂಡಿದ್ದೆ. ಸಂಕ್ರಾಂತಿಗೆ ರಜೆ ಹಾಕಿ ಬಂದಾಗ ನೋಡಿದೆ. ಮಲಗುತ್ತಿರಲಿಲ್ಲ. ನೆನೆಸಿದ ಅವರೆಕಾಳಿನ ಬೋಗುಣಿ ಮಡಿಲಲ್ಲಿಟ್ಟುಕೊಂಡು, ತೂಕಡಿಕೆ ಬರದಿರಲಿ ಅಂತ ಒಂದೊಂದೇ ಕಾಳು ಹಿಸುಕುತ್ತಾ ಹನ್ನೆರಡೂವರೆವರೆಗೆ ಕೂರುತ್ತಿದ್ದಳು. ನಾನಿಲ್ಲೇ ಇದ್ದೆ, ಆದರೂ ಅಭ್ಯಾಸಕ್ಕೆ ಕೂತಿದ್ದಳು. ಬಿಪಿ ನೋಡಿದರೆ 170. ನಾನು ನಿದ್ದೆಯ ವಿಷಯ ಓದುತ್ತಿದ್ದ ಡಾಕ್ಟರ್, ನೋಡಿ. ನಿಮ್ಮ ಮಗಳಿಗೆ ಈ ಪುಟ ಕಳಿಸಿ. ಅವಳ ಮಧ್ಯಾಹ್ನದ ಊಟದ ಬಿಡುವು ಒಂದು ಗಂಟೆಗೆ, ನಿಮಗೆ ಆಗ ಸಂಜೆ ಆರೂವರೆ. ಸ್ಯಾಂಡ್‌ವಿಚ್ ತಿನ್ನುತ್ತಲೇ ಮಾತಾಡಲಿ. ನಿಮಗೆ ಹೇಳಲು ಅವಳಿಗೆ ಸಂಕೋಚ, ಅವಳಿಗೆ ಹೇಳಲು ನಿಮಗೆ ಸಂಕೋಚ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಡಲ್ಲಾಸ್‌ಗೆ ಹೊರಟಿದ್ದೇನೆ. ಇನ್ಸುಲಿನ್ ತಗೊಳ್ತೀನಿ. ಇಲ್ಲಿನ ಟೈಮಿಗೆ ಚುಚ್ಚಿಕೊಳ್ಳಬೇಕಾ, ಅಲ್ಲಿನ ಟೈಮಿಗಾ? ಪ್ಲೇನಿನಲ್ಲಿ ಆರಾಮಾಗಿ ಹೋಗಲು ಅಳಿಯ ನಿದ್ದೆ ಮಾತ್ರೆ ಕೊಡಿಸ್ತೀನಿ ಅಂದಿದ್ದಾರೆ.

ಉತ್ತರ: ಇನ್ಸುಲಿನ್ ಲೆಕ್ಕ ಪೇಪರಿನಲ್ಲಿ ಓದಿ ಮಾಡುವುದಲ್ಲ. ಟಿಕೆಟ್ ಹಿಡಿದುಕೊಂಡು ನಿಮ್ಮ ಶುಗರ್ ಡಾಕ್ಟರ ಹತ್ತಿರ ಹೋಗಿ, ಗಂಟೆ ಗಂಟೆಯ ಪಟ್ಟಿ ಬರೆಸಿಕೊಳ್ಳಿ. ಹೋಗುವಾಗ ದಿನ ಉದ್ದವಾಗುತ್ತದೆ, ಬರುವಾಗ ಗಿಡ್ಡವಾಗುತ್ತದೆ, ಎರಡಕ್ಕೂ ಪಟ್ಟಿ ಬೇರೆ. ಇನ್ಸುಲಿನ್ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಹೋದರೆ ಹೆಪ್ಪುಗಟ್ಟಿ ಹಾಳಾಗಬಹುದು. ಅಳಿಯಂದಿರಿಗೆ ನನ್ನ ನಮಸ್ಕಾರ, ಮಾತ್ರೆ ಅವರೇ ಇಟ್ಟುಕೊಳ್ಳಲಿ. ಮಾತ್ರೆ ನುಂಗಿ ಅಲುಗಾಡದೆ ಹದಿನೈದು ಗಂಟೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಎದ್ದರೆ ಬೀಳುವ ಭಯ. ಶುಗರ್ ಇಳಿದರೂ ನಿದ್ದೆ ಅಂದುಕೊಳ್ಳುತ್ತಾರೆ.

ಪ್ರಶ್ನೆ: ಅಂಗಾಲಿಗೆ ಹರಳೆಣ್ಣೆ ಹಚ್ಚಿದರೆ ಅಮೆರಿಕದ ಟೈಮಿಗೆ ಬೇಗ ಒಗ್ಗುತ್ತಾರಂತೆ, ನಿಜವಾ?

ಉತ್ತರ: ಬೆಡ್‌ಶೀಟ್ ಕೊಳೆಯಾಗುತ್ತದೆ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿದ್ದೇವೆ. ರಾಹುಕಾಲ ಊರಿನದು ನೋಡಬೇಕಾ, ಇಲ್ಲಿನದಾ?

ಉತ್ತರ: ತಪ್ಪು ಬಾಗಿಲು ಬಡಿದಿದ್ದೀರಿ. ಆದರೆ ನೀವಿರುವ ಜಾಗದ ಸೂರ್ಯೋದಯದಿಂದ ಲೆಕ್ಕ ಹಾಕುವುದು ಅಂತ ಪುರೋಹಿತರೇ ಹೇಳುತ್ತಾರೆ. ನಿದ್ದೆಯ ಲೆಕ್ಕವೂ ಅದೇ.

ಪ್ರಶ್ನೆ: ದುಬೈಗೆ ಬಂದು ತಿಂಗಳಾಯಿತು, ಜೆಟ್ ಲ್ಯಾಗಿನಿಂದ ನಿದ್ದೆ ಇಲ್ಲ. ಅಮ್ಮ ಗಸಗಸೆ ಪಾಯಸ ಮಾಡಿಕೊಂಡು ಕುಡಿ, ನಿದ್ದೆ ಬರುತ್ತೆ ಅಂತಾರೆ. ಮುಂದಿನ ವಾರ ಬರುವವರ ಕೈಲಿ ಗಸಗಸೆ ತರಿಸಿಕೊಳ್ಳಲಾ?

ಉತ್ತರ: ದುಬೈಗೂ ನಮಗೂ ಒಂದೂವರೆ ಗಂಟೆ ವ್ಯತ್ಯಾಸ. ಅದು ಜೆಟ್ ಲ್ಯಾಗ್ ಅಲ್ಲ, ಸಂಜೆ ಐದರ ಮೇಲೆ ಕುಡಿಯುವ ಕಾಫಿ ನಿಲ್ಲಿಸಿ ನೋಡಿ. ಗಸಗಸೆ ಅಲ್ಲಿ ಮಾದಕ ವಸ್ತುವಿನ ಲೆಕ್ಕದಲ್ಲಿದೆ. ತರುವವರು ವಿಮಾನ ಇಳಿದ ಮೇಲೆ ನೇರ ಪೊಲೀಸರ ಕೈಗೆ ಹೋಗಬಹುದು. ಅಮ್ಮನಿಗೆ ಇವತ್ತೇ ಫೋನ್ ಮಾಡಿ. ಪ್ಯಾಕೆಟ್ ಆಗಲೇ ಕಟ್ಟಿರುತ್ತಾರೆ.