ಟ್ರೋಫಿ ಎಣಿಸಿದರೆ ಸಾಕಾ?

ಬಾಸ್ಕೆಟ್‌ಬಾಲ್‌ನಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು ಅನ್ನೋ ಚರ್ಚೆಯಲ್ಲಿ, ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಮೈಕಲ್ ಜೋರ್ಡಾನ್‌ಗೆ 6 ಟ್ರೋಫಿ, ಲೆಬ್ರಾನ್ ಜೇಮ್ಸ್‌ಗೆ 4, ಅಲ್ಲಿಗೆ ಲೆಕ್ಕ ಮುಗೀತಲ್ವಾ ಅಂತ ಕೇಳಿದ್ದೀರಿ. ಬರೀ ಎಣಿಕೆಯೇ ಆದರೆ ರಾಬರ್ಟ್ ಹಾರಿ ಹತ್ತಿರ 7 ಇವೆ! ಒಳ್ಳೆ ಆಟಗಾರನೇ, ಆದರೆ ಜೋರ್ಡಾನ್‌ಗಿಂತ ದೊಡ್ಡವನು ಅಂತ ಅವನ ಮನೆಯವರೂ ಹೇಳಲಿಕ್ಕಿಲ್ಲ.

1969ರ ಎನ್‌ಬಿಎ ಫೈನಲ್ಸ್ ತಗೊಳ್ಳಿ. ಸರಣಿಯ ಕೊನೆಯ, ಏಳನೇ ಪಂದ್ಯದಲ್ಲಿ ಲೇಕರ್ಸ್ ತಂಡದ ಜೆರ್ರಿ ವೆಸ್ಟ್ ತೊಡೆ ನೋವಿಟ್ಟುಕೊಂಡೇ ಆಡಿದ. 42 ಪಾಯಿಂಟ್, 13 ರಿಬೌಂಡ್ (ಗುರಿ ತಪ್ಪಿ ಬಂದ ಚೆಂಡು ಹಿಡಿಯೋದು), 12 ಅಸಿಸ್ಟ್ (ಜೊತೆಗಾರ ಪಾಯಿಂಟ್ ಗಳಿಸೋ ಹಾಗೆ ಪಾಸ್ ಕೊಡೋದು). ಆದರೂ ಎದುರಾಳಿ ಬಾಸ್ಟನ್ 108-106ರಲ್ಲಿ ಗೆದ್ದಿತು. ಫೈನಲ್ಸ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಎಂವಿಪಿ ಪ್ರಶಸ್ತಿ ಕೊಟ್ಟಿದ್ದು ಮಾತ್ರ ಸೋತ ವೆಸ್ಟ್‌ಗೇ. ಸೋತ ತಂಡದವನಿಗೆ ಅದು ಸಿಕ್ಕಿದ್ದು ಅದೊಂದೇ ಸಲ.

ಅವತ್ತು ಗೆದ್ದ ಬಾಸ್ಟನ್‌ನ ಬಿಲ್ ರಸೆಲ್‌ಗೆ 13 ಸೀಸನ್‌ನಲ್ಲಿ 11 ಟ್ರೋಫಿ. ಅವನು ಬಂದಾಗ ಲೀಗ್‌ನಲ್ಲಿದ್ದದ್ದು 8 ತಂಡ, ಈಗ 30. ಹಾಗಂತ ಸುಲಭವಿತ್ತು ಅನ್ನಬೇಡಿ. ತಂಡ ಕಮ್ಮಿ ಅಂದ್ರೆ ವಿಲ್ಟ್ ಚೇಂಬರ್ಲೇನ್‌ನಂಥ ದಿಗ್ಗಜ ಆಟಗಾರ ಪದೇ ಪದೇ ಎದುರಾಗುತ್ತಾನೆ. ಇನ್ನು ಆಚೆಯಿಂದ ಹಾಕಿದರೆ ಮೂರು ಪಾಯಿಂಟ್ ಸಿಗೋ ಗೆರೆ ಎನ್‌ಬಿಎಗೆ ಬಂದದ್ದೇ 1979ರಲ್ಲಿ. ವೆಸ್ಟ್ ಎಷ್ಟು ದೂರದಿಂದ ಹಾಕಿದರೂ ಎರಡೇ, ಪಾಪ.

ನನ್ನ ಓಟೂ ಜೋರ್ಡಾನ್‌ಗೇ. ಆದರೆ 6 ಗೆದ್ದ ಅಂತಲ್ಲ, ಆ ಆರೂ ಫೈನಲ್ಸ್‌ನಲ್ಲಿ ಎಂವಿಪಿ ಅವನೇ ಆಗಿದ್ದ ಅಂತ.