ಕ್ಯಾಟ್‌ಗೆ ನಾಲ್ಕು ತಿಂಗಳಿದೆ, ಆರ್‌ಸಿಯಲ್ಲಿ ಅಂಕವೇ ಬರುತ್ತಿಲ್ಲ. ಸ್ಪೀಡ್ ರೀಡಿಂಗ್ ಕಲಿಯಲೇ?

ನೀವು ಬರೆದದ್ದು ಇಷ್ಟು: ಎಂಬಿಎ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯ ಮಾಕ್ ಟೆಸ್ಟ್‌ನಲ್ಲಿ 16 ಆರ್‌ಸಿ (ರೀಡಿಂಗ್ ಕಾಂಪ್ರಹೆನ್ಷನ್, ಅಂದರೆ ಇಂಗ್ಲಿಷ್ ಪ್ಯಾಸೇಜ್ ಓದಿ ಉತ್ತರಿಸುವ) ಪ್ರಶ್ನೆಗಳನ್ನೂ ಮಾಡುತ್ತೀರಿ, ಸರಿಯಾಗುವುದು 6 ಮಾತ್ರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಹಾಗಾಗಿ ಇಂಗ್ಲಿಷ್ ಓದುವುದು ನಿಧಾನ. ಸ್ಪೀಡ್ ರೀಡಿಂಗ್ ಕಲಿಯಬೇಕಾ, ವರ್ಡ್ ಲಿಸ್ಟ್ ಉರು ಹೊಡೆಯಬೇಕಾ, ದಿನಕ್ಕೆ ಎಷ್ಟು ಪ್ಯಾಸೇಜ್ ಮಾಡಬೇಕು?

ಮೊದಲ ಎರಡೂ ಬೇಡ. ನಾನೂ ಕನ್ನಡ ಮೀಡಿಯಂನವನೇ. ಮೊದಲ ಸಲ ಕ್ಯಾಟ್ ಬರೆಯುವಾಗ ಎರಡನ್ನೂ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಪ್ಯಾಸೇಜ್ ಅಂದರೆ ಹೆಚ್ಚೂಕಮ್ಮಿ 500 ಪದ. ನಿಮಿಷಕ್ಕೆ 200 ಪದ ಓದಿದರೂ ಎರಡೂವರೆ ನಿಮಿಷ ಸಾಕು. ನಾಲ್ಕು ಪ್ಯಾಸೇಜ್‌ಗೆ 10 ನಿಮಿಷ. ಇಂಗ್ಲಿಷ್ ಸೆಕ್ಷನ್‌ಗೆ ಇರುವುದು 40 ನಿಮಿಷ. ಪ್ಯಾರಾ ಜಂಬಲ್ (ಕಲಸಿಟ್ಟ ವಾಕ್ಯಗಳನ್ನು ಸರಿಯಾಗಿ ಜೋಡಿಸುವುದು), ಸಮರಿ (ಸಾರಾಂಶ ಆರಿಸುವುದು) ಮುಂತಾದ 8 ಪ್ರಶ್ನೆಗಳಿಗೆ 12 ನಿಮಿಷ ತೆಗೆದಿಡಿ. ಓದುವ 10 ನಿಮಿಷವನ್ನೂ ಕಳೆದರೆ ಉಳಿಯುವುದು 18 ನಿಮಿಷ, 16 ಪ್ರಶ್ನೆ. ನಿಮ್ಮ ಓದು ಎರಡು ಪಟ್ಟು ಜೋರಾದರೂ ಒಟ್ಟು 5 ನಿಮಿಷ ಮಿಗುತ್ತದೆ, ಅಷ್ಟೇ. ಆದರೆ ಎರಡು ಆಪ್ಷನ್‌ಗಳ ಮಧ್ಯೆ ಸಿಕ್ಕಿಕೊಂಡು ಮತ್ತೆ ಮತ್ತೆ ಪ್ಯಾಸೇಜ್‌ಗೆ ಓಡುತ್ತೀವಲ್ಲ, ಒಂದೇ ಪ್ರಶ್ನೆಗೆ ಮೂರು ನಿಮಿಷ ನುಂಗುವುದು ಅದು. ಸಮಯ ಸೋರುವುದು ಅಲ್ಲಿ.

ಇನ್ನೊಂದು ಲೆಕ್ಕವೂ ಇದೆ. ಸರಿ ಉತ್ತರಕ್ಕೆ 3 ಅಂಕ, ತಪ್ಪಿಗೆ 1 ಅಂಕ ಕಟ್. ನಿಮ್ಮ 16ರಲ್ಲಿ 6 ಸರಿ, 10 ತಪ್ಪು ಅಂದರೆ 18ರಲ್ಲಿ 10 ಹೋಗಿ 8 ಅಂಕ. ಇದರ ಬದಲು ಮೂರೇ ಪ್ಯಾಸೇಜ್ ಹಿಡಿದು 12 ಪ್ರಶ್ನೆ ಮಾಡಿ 9 ಸರಿ ಮಾಡಿದರೆ 24 ಅಂಕ. ಒಂದು ಪ್ಯಾಸೇಜ್ ಮುಟ್ಟಲೇ ಇಲ್ಲ, ಅಂಕ ಮೂರು ಪಟ್ಟು! ಇದು ನನ್ನ ತಲೆಗೆ ಹೊಳೆಯಲು ಒಂದು ವರ್ಷ ಬೇಕಾಯಿತು. ಬಿಟ್ಟುಬಂದರೆ ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತಿತ್ತು.

ವರ್ಡ್ ಲಿಸ್ಟ್ ವಿಷಯ ಬೇಗ ಮುಗಿಸುತ್ತೇನೆ. ಈಗಿನ ಕ್ಯಾಟ್‌ನಲ್ಲಿ ಪದದ ಅರ್ಥವನ್ನು ನೇರವಾಗಿ ಕೇಳುವುದು ಅಪರೂಪ. ಓದುವಾಗ ಸಿಕ್ಕ ಪದವನ್ನು ಆ ವಾಕ್ಯದ ಸಮೇತ ಬರೆದಿಟ್ಟುಕೊಳ್ಳಿ, ಸಾಕು. ನಾನು ಸೇರಿದ್ದ ಕೋಚಿಂಗ್‌ನಲ್ಲಿ ದಪ್ಪನೆಯ ಪದಗಳ ಪುಸ್ತಕ ಕೊಟ್ಟಿದ್ದರು. ಅದು ಇವತ್ತಿಗೂ ಹೊಸದರಂತೆ ಇದೆ.

ಹಾಗಾದರೆ ಕಲಿಯಬೇಕಾದದ್ದು ಏನು? ತಪ್ಪು ಆಪ್ಷನ್ ಯಾಕೆ ತಪ್ಪು ಅಂತ ಬಾಯಿಬಿಟ್ಟು ಹೇಳುವುದು. ಸುಮ್ನೆ ಮಾತಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ, ಒಂದು ಚಿಕ್ಕ ತುಣುಕು ಕಟ್ಟಿ ತೋರಿಸುತ್ತೇನೆ.

"ಮ್ಯೂಸಿಯಂಗಳು ಹಳೆಯದನ್ನು ಕಾಪಾಡುತ್ತವೆ ಅಂತ ನಾವು ನಂಬುತ್ತೇವೆ. ನಿಜ, ಅಲ್ಲಿ ಮೂರ್ತಿ ಒಡೆಯುವುದಿಲ್ಲ, ಕಳುವಾಗುವುದಿಲ್ಲ. ಆದರೆ ಪೂಜೆಗೆಂದು ಮಾಡಿದ ಮೂರ್ತಿ ಗಾಜಿನ ಪೆಟ್ಟಿಗೆ ಸೇರಿದ ಮೇಲೆ ಬರೀ ನೋಡುವ ವಸ್ತುವಾಗುತ್ತದೆ. ಕಲ್ಲು ಉಳಿಯುತ್ತದೆ. ಜನರಿಗೂ ಅದಕ್ಕೂ ಇದ್ದ ನಂಟು ಉಳಿಯುವುದಿಲ್ಲ."

ಲೇಖಕರ ಮುಖ್ಯ ಮಾತು ಯಾವುದು ಅಂತ ಪ್ರಶ್ನೆ. ಆಪ್ಷನ್‌ಗಳು ಹೀಗಿವೆ ಅಂದುಕೊಳ್ಳಿ. ಒಂದು, ಮ್ಯೂಸಿಯಂಗಳಿಂದ ಮೂರ್ತಿಗಳಿಗೆ ಹಾನಿಯೇ ಜಾಸ್ತಿ. ಎರಡು, ಮೂರ್ತಿಗಳನ್ನು ದೇವಸ್ಥಾನಗಳಿಗೆ ವಾಪಸ್ ಕೊಡಬೇಕು. ಮೂರು, ವಸ್ತುವನ್ನು ಉಳಿಸಿಕೊಂಡರೂ ಅದಕ್ಕಿದ್ದ ಅರ್ಥ ಕೈತಪ್ಪಬಹುದು. ನಾಲ್ಕು, ಮ್ಯೂಸಿಯಂ ಇಲ್ಲದಿದ್ದರೆ ಮೂರ್ತಿಗಳು ಒಡೆದುಹೋಗುತ್ತಿದ್ದವು.

ಹಳೆಯ ನಾನಾಗಿದ್ದರೆ ಕಣ್ಣು ಮುಚ್ಚಿ ಎರಡನೆಯದನ್ನು ಒತ್ತುತ್ತಿದ್ದೆ. ಯಾಕಂದರೆ ಅದು ನನ್ನ ಅಭಿಪ್ರಾಯ! ಲೇಖಕರು ವಾಪಸ್ ಕೊಡುವ ಮಾತೇ ಎತ್ತಿಲ್ಲ. ಅವರು ನಿಲ್ಲಿಸಿದ ಜಾಗದಿಂದ ನಾನು ಮುಂದೆ ನಡೆದುಬಿಟ್ಟೆ. ಮೊದಲನೆಯದು ಲೇಖಕರ ದನಿಯನ್ನು ಎಳೆದು ದೊಡ್ಡದು ಮಾಡುತ್ತದೆ. 'ಹಾನಿಯೇ ಜಾಸ್ತಿ' ಅಂತ ಅವರು ತೂಕ ಹಾಕಿಲ್ಲ, 'ನಿಜ' ಅಂತ ಒಪ್ಪಿಕೊಂಡೇ ಮುಂದೆ ಹೋಗಿದ್ದಾರೆ. ನಾಲ್ಕನೆಯದು ಜಾಣ ಬಲೆ. ಮ್ಯೂಸಿಯಂನಲ್ಲಿ ಒಡೆಯುವುದಿಲ್ಲ ಅಂದಮಾತ್ರಕ್ಕೆ ಹೊರಗಿದ್ದರೆ ಒಡೆಯುತ್ತಿತ್ತು ಅಂತ ಆಗುವುದಿಲ್ಲ, ಅಲ್ವಾ? ಮೂರನೆಯದು ಸಪ್ಪೆ. ಓದಿದರೆ ಏನೂ ಹೇಳಿದ ಹಾಗಿಲ್ಲ. ಅದೇ ಸರಿ. ಆರ್‌ಸಿಯಲ್ಲಿ ಸರಿ ಉತ್ತರ ಎಷ್ಟೋ ಸಲ ಹೀಗೆ 'ಬಹುದು' ಅಂತ ತಗ್ಗಿ ಮಾತಾಡುತ್ತದೆ.

ಎರಡನೇ ಸಲ ತಯಾರಿ ಮಾಡುವಾಗ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ತಪ್ಪಾದ ಪ್ರತಿ ಪ್ರಶ್ನೆಗೂ ಒಂದೇ ಸಾಲು, ಅದೂ ಕನ್ನಡದಲ್ಲಿ. 'ಹೆಚ್ಚು ಹೇಳಿತು', 'ಪ್ಯಾಸೇಜ್‌ನಲ್ಲಿ ಇಲ್ಲ', 'ಅರ್ಧ ಸರಿ', 'ನನ್ನ ಅಭಿಪ್ರಾಯ', 'ಪ್ರಶ್ನೆಯೇ ಸರಿಯಾಗಿ ಓದಲಿಲ್ಲ'. ಇಪ್ಪತ್ತು ಪ್ಯಾಸೇಜ್ ಆಗುವಷ್ಟರಲ್ಲಿ ಗೊತ್ತಾಯಿತು, ನನ್ನ ತಪ್ಪುಗಳಲ್ಲಿ ಹೆಚ್ಚಿನವು 'ನನ್ನ ಅಭಿಪ್ರಾಯ' ಮತ್ತು ಕೊನೆಯದು. ಕೊನೆಯದಕ್ಕೆ ಕಾರಣ 'ಎಕ್ಸೆಪ್ಟ್' ಪ್ರಶ್ನೆಗಳು. ಈ ನಾಲ್ಕರಲ್ಲಿ ಯಾವುದನ್ನು ಪ್ಯಾಸೇಜ್‌ನಿಂದ ಹೇಳಲಾಗದು ಅಂತ ಕೇಳಿರುತ್ತಾರೆ, ನಾವು ಹೇಳಬಹುದಾದ ಮೊದಲನೆಯದನ್ನೇ ಒತ್ತಿ ಖುಷಿಯಾಗಿ ಮುಂದೆ ಹೋಗುತ್ತೇವೆ. ಕ್ಯಾಟ್‌ನಲ್ಲಿ ಇಂಥವು ಪದೇ ಪದೇ ಬರುತ್ತವೆ. ಇವು ಬಂದಾಗ ರಫ್ ಹಾಳೆಯಲ್ಲಿ ದೊಡ್ಡದಾಗಿ ಒಂದು 'ಅಲ್ಲ' ಬರೆದುಕೊಳ್ಳಿ. ಚಿಕ್ಕ ಮಕ್ಕಳ ಆಟ ಅನ್ನಿಸುತ್ತದೆ, ನನಗಂತೂ ಕೆಲಸ ಮಾಡಿತು.

ಓದುವಾಗ ತಿರುವು ಕೊಡುವ ಪದಗಳನ್ನು ಹಿಡಿಯಿರಿ. 'ಹೌಎವರ್', 'ಯೆಟ್' ಎಲ್ಲರಿಗೂ ಗೊತ್ತು. ಕಳ್ಳ ತಿರುವುಗಳು ಬೇರೆ ಇವೆ. 'ಇಟ್ ಈಸ್ ಟೆಂಪ್ಟಿಂಗ್ ಟು ಥಿಂಕ್' ಅಂತ ಶುರುವಾದರೆ ಲೇಖಕರು ಮುಂದಿನ ಮಾತನ್ನು ಒಪ್ಪುವುದಿಲ್ಲ ಅಂತಲೇ ಲೆಕ್ಕ. ನಮ್ಮಲ್ಲಿ 'ಹಾಗೆ ಅನ್ನಿಸುವುದು ಸಹಜ' ಅಂದವರು ಮುಂದೆ 'ಆದರೆ' ಅನ್ನುವುದಿಲ್ಲವೇ, ಹಾಗೇ. ಕನ್ನಡದಲ್ಲಿ ಇದನ್ನು ನಾವು ಯೋಚಿಸದೇ ಹಿಡಿಯುತ್ತೇವೆ. ಮೀಡಿಯಂ ಯಾವುದಾದರೇನು, ಈ ಕಿವಿ ನಿಮಗೆ ಆಗಲೇ ಇದೆ. ಪ್ರತಿ ಪ್ಯಾರಾ ಮುಗಿದ ಮೇಲೆ ಮನಸ್ಸಿನಲ್ಲೇ ಕನ್ನಡದಲ್ಲಿ ಒಂದು ಸಾಲು ಹೇಳಿಕೊಳ್ಳಿ: 'ಇಲ್ಲಿಯವರೆಗೆ ಬೇರೆಯವರ ವಾದ', 'ಇಲ್ಲಿಂದ ಇವರದ್ದು'. ಯಾರು ಏನನ್ನು ಹೇಳಿದರು ಅನ್ನುವುದು ಗೊಂದಲವಾಗದಿದ್ದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಪ್ರಶ್ನೆ ಮೊದಲು ಓದಬೇಕಾ, ಪ್ಯಾಸೇಜ್ ಮೊದಲಾ ಅಂತ ಜಗಳ ಇದ್ದೇ ಇದೆ. ನನ್ನ ಓಟು ಪ್ಯಾಸೇಜ್‌ಗೆ. ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಓದಿದರೆ ಕಳೆದ ಕೀಲಿ ಹುಡುಕುವವರ ಹಾಗೆ ಓದುತ್ತೇವೆ, ವಾದ ತಪ್ಪಿಹೋಗುತ್ತದೆ.

ಯಾವ ಪ್ಯಾಸೇಜ್ ಬಿಡಬೇಕು ಅನ್ನುವುದಕ್ಕೂ ಅಭ್ಯಾಸ ಬೇಕು. ವಿಷಯ ನೋಡಿ ಹೆದರಿ ಬಿಡಬೇಡಿ. ತತ್ವಶಾಸ್ತ್ರ ಅಂತ ಹೆದರಿ ಬಿಟ್ಟದ್ದರ ಆಪ್ಷನ್‌ಗಳು ಸುಲಭ ಇರುತ್ತವೆ, ಪರಿಸರ ಅಂತ ಹಿಡಿದದ್ದು ತಲೆ ತಿನ್ನುತ್ತದೆ. ಮೊದಲ ಪ್ಯಾರಾ ಓದಿ, ಆಪ್ಷನ್‌ಗಳ ಉದ್ದ, ಅವುಗಳ ನಡುವಿನ ವ್ಯತ್ಯಾಸ ಒಮ್ಮೆ ಕಣ್ಣಾಡಿಸಿ. ನಾಲ್ಕೂ ಒಂದೇ ಥರ ಕಂಡರೆ ಕೊನೆಗೆ ಇಡಿ.

ಅಂದಹಾಗೆ, ಮೊಬೈಲ್‌ನಲ್ಲೋ ಪ್ರಿಂಟ್ ತೆಗೆದೋ ಅಭ್ಯಾಸ ಮಾಡುತ್ತಿದ್ದರೆ ಬಿಟ್ಟುಬಿಡಿ. ಪರೀಕ್ಷೆಯಲ್ಲಿ ಸ್ಕ್ರೀನ್‌ನ ಎಡಗಡೆ ಪ್ಯಾಸೇಜ್, ಬಲಗಡೆ ಪ್ರಶ್ನೆ. ಪೆನ್ನಿನಲ್ಲಿ ಗೆರೆ ಎಳೆಯುವ ಚಾಳಿ ಅಲ್ಲಿ ನಡೆಯುವುದಿಲ್ಲ. ಎಂಬಿಎಯ ಇನ್ನೊಂದು ಪ್ರವೇಶ ಪರೀಕ್ಷೆ ಎಕ್ಸ್ಎಟಿ ಕೂಡ ಬರೆಯುವುದಾದರೆ ಆಗೀಗ ಒಂದು ಕವಿತೆಯನ್ನೂ ಓದಿ, ಅಲ್ಲಿ ಕವಿತೆ ಕೊಟ್ಟು ಪ್ರಶ್ನೆ ಕೇಳುವುದುಂಟು.

ಕೊನೆಗೆ, ದಿನಕ್ಕೆ ಎಷ್ಟು? ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ನಿಮಗೆ ಇರುವುದು ಸುಮಾರು 120 ದಿನ. 2020ರಿಂದ ಪರೀಕ್ಷೆ ಒಂದೇ ದಿನ ಮೂರು ಸ್ಲಾಟ್‌ಗಳಲ್ಲಿ, ಬೇರೆ ಬೇರೆ ಪೇಪರ್‌ಗಳೊಂದಿಗೆ ನಡೆಯುತ್ತಿದೆ, ಸ್ಲಾಟ್‌ಗೆ ನಾಲ್ಕು ಪ್ಯಾಸೇಜ್. 2020ರಿಂದ 2024ರವರೆಗಿನ ಪೇಪರ್‌ಗಳಲ್ಲೇ 60 ಪ್ಯಾಸೇಜ್ ಸಿಗುತ್ತವೆ. ಮಾಕ್‌ಗಳನ್ನು ಬಿಟ್ಟರೆ ಬೇರೆ ಮೆಟೀರಿಯಲ್ ಹುಡುಕಬೇಡಿ. ದಿನ ಬಿಟ್ಟು ದಿನ ಒಂದು. ಮೊದಲ ದಿನ 8 ನಿಮಿಷ ಟೈಮರ್ ಇಟ್ಟು ಮಾಡಿ, ಉತ್ತರ ನೋಡದೆ ಮಲಗಿ. ಮರುದಿನ ಅದೇ ಪ್ಯಾಸೇಜ್ ತೆಗೆದು ಪ್ರತಿ ಪ್ರಶ್ನೆಯ ನಾಲ್ಕೂ ಆಪ್ಷನ್‌ಗಳ ಮುಂದೆ ಯಾಕೆ ಸರಿ, ಯಾಕೆ ತಪ್ಪು ಅಂತ ಬರೆಯಿರಿ. ಆಮೇಲೆ ಆನ್ಸರ್ ಕೀ ತೆಗೆಯಿರಿ.