ಡೆಲ್ಫ್ಟ್‌ಗೆ ಹೊರಟು ನಿಂತವರಿಗೆ: ಹರಿವಿನ ಸಂಶೋಧನೆ ಮತ್ತು ಇಲ್ಲಿನ ಬದುಕು

ನಿಮ್ಮ ಪತ್ರ ತಲುಪಿತು. ಹುಬ್ಬಳ್ಳಿಯಲ್ಲಿ ಎಂ.ಟೆಕ್. ಮುಗಿಸಿ, ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ‘ಘನವಸ್ತುಗಳ ಸುತ್ತಲಿನ ಮತ್ತು ಒಳಗಿನ ಹರಿವು’ ಎಂಬ ವಿಷಯದ ಪಿಎಚ್.ಡಿ.ಗೆ ಆಯ್ಕೆಯಾಗಿ ಅಕ್ಟೋಬರ್‌ನಲ್ಲಿ ಬರಲಿರುವ ನೀವು ಮೂರು ಪ್ರಶ್ನೆ ಕೇಳಿದ್ದೀರಿ: ಸುತ್ತಲಿನದು, ಒಳಗಿನದು ಎಂಬುದು ಒಂದೇ ವಿಷಯವೋ ಎರಡೋ, ನಾಲ್ಕು ವರ್ಷವೂ ಕಂಪ್ಯೂಟರ್ ಮುಂದೆಯೇ ಕಳೆಯಬೇಕೋ, ಇಲ್ಲಿನ ಗೈಡ್‌ಗಳೊಂದಿಗೆ ಹೇಗೆ ನಡೆದುಕೊಳ್ಳಬೇಕು. ಈ ಊರಿಗೆ ಬಂದು ಹದಿನೇಳು ವರ್ಷವಾಗಿ, ಇದೇ ಕ್ಷೇತ್ರದಲ್ಲಿ ಅನ್ನ ಸಂಪಾದಿಸುತ್ತಿರುವ ನನಗೆ ಮೂರನೆಯದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಆದರೂ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಪಾಠವನ್ನು ನಾನು ಕಲಿತದ್ದು ವಿಷಯದ ಮೂಲಕವೇ.

ಡೆಲ್ಫ್ಟ್‌ನಿಂದ ರೈಲಿನಲ್ಲಿ ಕಾಲು ಗಂಟೆಯ ದೂರದಲ್ಲಿರುವ ರೋಟರ್‌ಡ್ಯಾಮ್‌ನಲ್ಲಿ, 139 ಮೀಟರ್ ಎತ್ತರದ ಬಾಗಿದ ಗೋಪುರದಿಂದ ಇಳಿಬಿದ್ದ ಕೇಬಲ್‌ಗಳು ಹಿಡಿದು ನಿಲ್ಲಿಸಿರುವ ಎರಾಸ್ಮಸ್ ಸೇತುವೆಯಿದೆ. ಅದು ಉದ್ಘಾಟನೆಯಾದದ್ದು 1996ರ ಸೆಪ್ಟೆಂಬರ್‌ನಲ್ಲಿ. ನವೆಂಬರ್‌ನ ಒಂದು ದಿನ, ಬಿರುಗಾಳಿಯೇನೂ ಇಲ್ಲದೆ, ಈ ನಾಡಿನ ಮಾಮೂಲಿ ಗಾಳಿ ಮಳೆಗೇ ಕೇಬಲ್‌ಗಳು ಭಯ ಹುಟ್ಟಿಸುವಷ್ಟು ತೂಗಾಡಿದವು. ಗಾಳಿಗೆ ಅಡ್ಡ ನಿಂತ ಸಿಲಿಂಡರ್‌ನ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿಗಳು ಕಳಚಿಕೊಳ್ಳುತ್ತಾ ಅದನ್ನು ಅತ್ತಿತ್ತ ತಳ್ಳುವುದನ್ನು ನೀವು ಓದಿಯೇ ಇರುತ್ತೀರಿ. ಕೇಬಲ್‌ನ ವ್ಯಾಸ 20 ಸೆಂಟಿಮೀಟರ್, ಗಾಳಿಯ ವೇಗ ಸೆಕೆಂಡಿಗೆ 14 ಮೀಟರ್ ಎಂದಿಟ್ಟುಕೊಂಡು, ಸುಳಿ ಕಳಚುವ ಲಯವನ್ನು ವೇಗ, ವ್ಯಾಸಗಳಿಗೆ ಜೋಡಿಸುವ ಸ್ಟ್ರೌಹಾಲ್ ಸಂಖ್ಯೆಯನ್ನು 0.2 ಎಂದು ಹಿಡಿದರೆ, ಸೆಕೆಂಡಿಗೆ 14 ಸಲ ಆ ತಳ್ಳಾಟ ನಡೆಯುತ್ತದೆ. ಅಷ್ಟುದ್ದದ ಕೇಬಲ್ ತಾನಾಗಿ ಕಂಪಿಸುವುದು ಸೆಕೆಂಡಿಗೆ ಒಂದು ಸಲದ ಆಸುಪಾಸಿನಲ್ಲಿ. ಎರಡಕ್ಕೂ ತಾಳೆಯೇ ಆಗುವುದಿಲ್ಲ. ಹಾಗಾಗಿ ಬರೀ ಸುಳಿಯ ಲೆಕ್ಕ ಹಾಕಿ ಕುಳಿತವರಿಗೆ ಇದು ಅರ್ಥವಾಗುವಂತಿರಲಿಲ್ಲ. ಕಾರಣ ಮಳೆನೀರು. ಓರೆಯಾದ ಕೇಬಲ್‌ನ ಮೈಮೇಲೆ ಬೆರಳಿಗಿಂತ ತೆಳ್ಳಗಿನ ನೀರಿನ ಎಳೆಯೊಂದು ಇಳಿಯುತ್ತದೆ, ಅದರಿಂದ ಗಾಳಿಗೆ ಎದುರಾಗುವ ಆಕಾರವೇ ಬದಲಾಗುತ್ತದೆ, ಕೇಬಲ್ ಅಲುಗಿದಂತೆ ಎಳೆಯೂ ಅದೇ ಲಯದಲ್ಲಿ ಅತ್ತಿತ್ತ ಸರಿದು ಆ ಅಲುಗಾಟಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಜಪಾನಿನ ಮೇಕೋ ನಿಶಿ ಸೇತುವೆಯಲ್ಲಿ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಇಲ್ಲಿ ಮೊದಲು ತಾತ್ಕಾಲಿಕವಾಗಿ ಹಗ್ಗ ಬಿಗಿದು, ಆಮೇಲೆ ಕೇಬಲ್‌ಗಳ ಬುಡಕ್ಕೆ ಅಲುಗಾಟವನ್ನು ಹೀರಿ ತಗ್ಗಿಸುವ ಹೈಡ್ರಾಲಿಕ್ ಡ್ಯಾಂಪರ್ ಕೂರಿಸಿದರು.

ನನ್ನ ಸ್ವಂತ ಎಡವಟ್ಟನ್ನೂ ಹೇಳಿಬಿಡುತ್ತೇನೆ. ನನ್ನ ವಿಷಯ ರಕ್ತನಾಳದಂತಹ ಮೆತ್ತನೆಯ ಕೊಳವೆಯೊಳಗಿನ ಹರಿವು. ಕಾಲವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಪ್ರತಿಯೊಂದು ಕಾಲಹಂತದಲ್ಲಿ ಮೊದಲು ದ್ರವದ ಸಮೀಕರಣವನ್ನು ಬಿಡಿಸಿ, ಬಂದ ಒತ್ತಡವನ್ನು ಗೋಡೆಗೆ ಕೊಟ್ಟು, ಗೋಡೆ ಸರಿದಷ್ಟನ್ನು ಮುಂದಿನ ಹಂತದ ದ್ರವಕ್ಕೆ ಒಪ್ಪಿಸುವ ಪ್ರೋಗ್ರಾಂ ಬರೆದಿದ್ದೆ. ವಿಮಾನದ ರೆಕ್ಕೆಗೆ ಚೆನ್ನಾಗಿ ನಡೆಯುವ ಈ ಕ್ರಮ ನನ್ನ ಕೊಳವೆಯಲ್ಲಿ ಹತ್ತಿಪ್ಪತ್ತು ಹಂತ ದಾಟುವುದರೊಳಗೆ ಅಂಕಿಗಳು ಮಿತಿಮೀರಿ ಬೆಳೆದು ಸಿಡಿದುಹೋಗುತ್ತಿತ್ತು. ಕಾಲಹಂತವನ್ನು ಅರ್ಧ ಮಾಡಿದೆ, ಕಾಲು ಮಾಡಿದೆ; ಇನ್ನೂ ಬೇಗ ಸಿಡಿಯಿತು. ಚಳಿಗಾಲದ ಮೂರು ತಿಂಗಳು ಇದನ್ನು ಯಾರಿಗೂ ಹೇಳದೆ, ಪ್ರತಿ ಸಭೆಯಲ್ಲೂ ‘ನಡೆಯುತ್ತಿದೆ’ ಎಂದೇ ಹೇಳಿದೆ. ದೊಡ್ಡವರ ಮುಂದೆ ಗೊತ್ತಿಲ್ಲವೆಂದರೆ ಮರ್ಯಾದೆ ಹೋದಂತೆ ಎಂದು ನಂಬಿ ಬೆಳೆದವನು ನಾನು. ಕೊನೆಗೆ ಕಾಫಿ ಯಂತ್ರದ ಬಳಿ ಪಕ್ಕದ ಕೋಣೆಯವನು ಕೇಳಿದ್ದು ಒಂದೇ ಪ್ರಶ್ನೆ: ‘ನಿನ್ನ ಗೋಡೆಯ ಸಾಂದ್ರತೆ ಎಷ್ಟು?’ ಅಲುಗುವ ಗೋಡೆ ತನ್ನ ಜೊತೆ ಒಂದಷ್ಟು ದ್ರವವನ್ನೂ ಎಳೆದಾಡಬೇಕಾಗುತ್ತದೆ. ಗಾಳಿಯಲ್ಲಿ ಆ ಹೆಚ್ಚುವರಿ ಹೊರೆ ನಗಣ್ಯ. ಗೋಡೆಯೂ ದ್ರವವೂ ಸಮ ಸಾಂದ್ರತೆಯವಾದರೆ ಗೋಡೆಯ ತೂಕಕ್ಕಿಂತ ಅದೇ ಹೆಚ್ಚಾಗಬಹುದು. ಆಗ ದ್ರವ, ಗೋಡೆ ಎಂದು ಒಂದಾದ ಮೇಲೊಂದನ್ನು ಬಿಡಿಸಿದರೆ ದೋಷ ಪ್ರತಿ ಹಂತಕ್ಕೂ ದೊಡ್ಡದಾಗುತ್ತಾ ಹೋಗುತ್ತದೆ, ಕಾಲಹಂತ ಕಿರಿದಾದರೂ ಪ್ರಯೋಜನವಿಲ್ಲ. 2005ರಲ್ಲೇ ಗಣಿತದ ಮೂಲಕ ತೋರಿಸಿಕೊಟ್ಟ ಸಂಗತಿ ಇದು. ಒಂದೇ ಹಂತದೊಳಗೆ ದ್ರವ ಮತ್ತು ಗೋಡೆ ಪರಸ್ಪರ ಒಪ್ಪುವವರೆಗೆ ಮತ್ತೆ ಮತ್ತೆ ಬಿಡಿಸಬೇಕು. ಆ ಬದಲಾವಣೆಗೆ ನನಗೆ ಹಿಡಿದದ್ದು ಎಂಟು ದಿನ.

ಆದ್ದರಿಂದ ಗೈಡ್ ವಿಚಾರದಲ್ಲಿ ನನ್ನ ಮಾತು ಇಷ್ಟೇ: ಸಿಕ್ಕಿಹಾಕಿಕೊಂಡ ವಾರವೇ ಹೇಳಿ. ಇಲ್ಲಿ ಪ್ರೊಫೆಸರರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನೀವು ನನಗೆ ಬರೆದ ‘ಸರ್’ ಇಲ್ಲಿ ಯಾರಿಗೂ ಬೇಕಿಲ್ಲ, ಹೆಸರು ಹಿಡಿದು ಕರೆಯುವುದಕ್ಕೆ ನಾಲಿಗೆ ಒಗ್ಗಲು ಆರು ತಿಂಗಳಾದರೂ ಬೇಕು. ನಿಮ್ಮ ಕೆಲಸ ಸರಿಯಿಲ್ಲವೆಂದು ಅವರು ಮುಖದ ಮೇಲೇ ಹೇಳುತ್ತಾರೆ, ಐದು ನಿಮಿಷದಲ್ಲಿ ಜೊತೆಗೆ ಊಟಕ್ಕೂ ಕರೆಯುತ್ತಾರೆ. ಎರಡಕ್ಕೂ ಸಂಬಂಧವಿಲ್ಲ.

ಇನ್ನು ‘ಒಳಗಿನ’ ಹರಿವು. ಅದನ್ನು ಬೇರೆ ವಿಷಯವೆಂದು ಭಾವಿಸಬೇಡಿ. ಈ ದೇಶ ನಿಂತಿರುವುದೇ ಅದರ ಮೇಲೆ. ನಮ್ಮ ಕೆರೆಗಳ ಏರಿಯಂತಹ ಮಣ್ಣಿನ ಒಡ್ಡುಗಳ ಅಡಿಯಲ್ಲಿ ನೀರು ಮರಳಿನ ಸಂದುಗಳ ಮೂಲಕ ನುಸುಳುತ್ತದೆ, ಆಚೆ ಬದಿಯಲ್ಲಿ ಪುಟ್ಟ ಬುಗ್ಗೆಯಾಗಿ ಮರಳನ್ನು ಹೊತ್ತು ಚಿಮ್ಮುತ್ತದೆ, ಒಳಗೆ ಹಿಮ್ಮುಖವಾಗಿ ಕೊಳವೆ ಕೊರೆಯುತ್ತಾ ಸಾಗುತ್ತದೆ. ಇದನ್ನು ತಡೆಯಲು ಡಚ್ಚರು ದಶಕಗಳ ಕಾಲ ಬಳಸಿದ ಸೂತ್ರ ಹುಟ್ಟಿದ್ದು ಭಾರತದಲ್ಲಿ: ಗಂಗಾನದಿಯ ನರೋರಾ ಒಡ್ಡು 1898ರಲ್ಲಿ ಕುಸಿದ ಮೇಲೆ, ನೀರಾವರಿ ಎಂಜಿನಿಯರ್ ಬ್ಲೈ 1910ರಲ್ಲಿ ರೂಪಿಸಿದ ನಿಯಮ ಅದು. ಮರಳಿನ ಕಣಗಳ ಸಮತೋಲನವನ್ನೇ ಲೆಕ್ಕಕ್ಕೆ ತೆಗೆದುಕೊಂಡ ಸೆಲ್ಮೈಯರ್ ಅವರ ಮಾದರಿ ಬಂದದ್ದು 1988ರಲ್ಲಿ, ಇದೇ ಡೆಲ್ಫ್ಟ್‌ನಲ್ಲಿ.

ಕಂಪ್ಯೂಟರ್ ಬಿಟ್ಟು ಪ್ರಯೋಗಾಲಯಕ್ಕೆ ಇಳಿಯಲು ಇದೇ ಒಳ್ಳೆಯ ದಾರಿ. ಪೈರೆಕ್ಸ್ ಗಾಜಿನ ಗೋಲಿಗಳನ್ನು ತೊಟ್ಟಿಗೆ ತುಂಬಿ ಗ್ಲಿಸರಿನ್ ಸುರಿಯಿರಿ. ಬೆಳಕನ್ನು ಎಷ್ಟು ಬಾಗಿಸುತ್ತವೆ ಎಂಬುದನ್ನು ಹೇಳುವ ವಕ್ರೀಭವನ ಸೂಚ್ಯಂಕ ಎರಡಕ್ಕೂ ಸುಮಾರು 1.47 ಆದ್ದರಿಂದ, ದ್ರವ ಏರಿದಂತೆ ಗೋಲಿಗಳು ಒಂದೊಂದೇ ಕಣ್ಮರೆಯಾಗುತ್ತವೆ. ಆಗ ಲೇಸರ್ ಬೆಳಕನ್ನು ತೆಳುಹಾಳೆಯಂತೆ ಹರಡಿ ಬೆಳಗಿದರೆ, ಕಾಣದ ಗೋಲಿಗಳ ನಡುವೆ, ದ್ರವಕ್ಕೆ ಬೆರೆಸಿದ ತೇಲುವ ಕಣಗಳು ಮಾತ್ರ ಹೊಳೆಯುತ್ತಾ, ಯಾವ ಸಂದಿನಲ್ಲಿ ಹರಿವು ರಭಸ, ಎಲ್ಲಿ ನಿಂತೇ ಇದೆ ಎಂಬುದನ್ನು ತೋರಿಸುತ್ತವೆ. ನೀವು ಬರುವ ಮೊದಲೇ ಮನೆಯಲ್ಲಿ ಪೈರೆಕ್ಸ್ ಲೋಟವನ್ನು ಅಡುಗೆ ಎಣ್ಣೆಯಲ್ಲಿ ಮುಳುಗಿಸಿ ನೋಡಬಹುದು.

ಉಳಿದದ್ದು ಚಿಕ್ಕಪುಟ್ಟ ವಿಷಯ. ಇಲ್ಲಿ ಪಿಎಚ್.ಡಿ. ವಿದ್ಯಾರ್ಥಿ ಸಂಬಳ ಪಡೆಯುವ ನೌಕರ. ಮೊದಲ ವರ್ಷದ ಕೊನೆಗೆ ಮುಂದುವರಿಯಬಹುದೇ ಎಂಬ ಪರಿಶೀಲನೆಯಿರುತ್ತದೆ. ಮನೆ ಸಿಗುವುದು ಕಷ್ಟ, ಈಗಿನಿಂದಲೇ ಹುಡುಕಿ. ಆ ವಿಳಾಸದಲ್ಲಿ ನಗರಸಭೆಯ ನೋಂದಣಿ ಆಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಸಸ್ಯಾಹಾರಕ್ಕೆ ತೊಂದರೆಯಿಲ್ಲ, ಜೋಳದ ರೊಟ್ಟಿಗೆ ಹಿಟ್ಟು ತಂದರೆ ಒಳ್ಳೆಯದು. ಕೊಡೆ ತರಬೇಡಿ, ಇಲ್ಲಿನ ಗಾಳಿ ಅದನ್ನು ಮೊದಲ ವಾರವೇ ಮಗುಚಿಹಾಕುತ್ತದೆ. ಸೈಕಲ್ಲಿಗೆ ಬೇಕಾದ ಮಳೆಯ ಪ್ಯಾಂಟನ್ನು ಇಲ್ಲೇ ಕೊಳ್ಳೋಣ. ಅದನ್ನು ತೊಟ್ಟು, ಗಾಳಿ ಮಳೆ ಎರಡೂ ಇರುವ ಒಂದು ಶನಿವಾರ ರೋಟರ್‌ಡ್ಯಾಮ್‌ಗೆ ಹೋಗಿ, ಆ ಡ್ಯಾಂಪರ್‌ಗಳನ್ನು ನಿಮಗೆ ತೋರಿಸುತ್ತೇನೆ.